ಮಾವನ ಮೂಗು ಹೋದ ವರ್ಷ

ಈ ಸಲ ಶಿವರಾತ್ರಿ ಮುಗಿದ ಮೇಲೆ ಬ್ಯಾಡಗಿಗೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಅಣ್ಣನ ಸೊಸೆ ಹೊಸಬಳು, ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅಷ್ಟರಲ್ಲಿ ಫೋನ್ ಬಂತೋ ಏನೋ, ಎಣ್ಣೆಗೆ ಬಿದ್ದ ಒಣಮೆಣಸಿನಕಾಯಿ ಕರಕಾಯಿತು. ಘಾಟು ಪಡಸಾಲೆಗೆ ನುಗ್ಗಿತು. ಎಲ್ಲರೂ ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಯಾರೂ ಊಟ ಬಿಟ್ಟು ಏಳುವುದಿಲ್ಲ. ನಾನು ಎದ್ದೆ. ಎಂಜಲು ಕೈಯಲ್ಲೇ ಹಿತ್ತಿಲಿಗೆ ಓಡಿದೆ. "ಮಾವಾರ, ಹೊರಗ ಬರ್ರಿ" ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ.

ನನ್ನ ಮಾವ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರು ಇದ್ದದ್ದಾದರೂ ರಾಣೆಬೆನ್ನೂರಿನಲ್ಲಿ. ಅಣ್ಣನ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ ಬಿಟ್ಟರೆ ಬೇರೇನೂ ಇಲ್ಲ. ಆ ಕಲ್ಲಿನ ಮುಂದೆ ಏದುಸಿರು ಬಿಡುತ್ತ ನಿಂತಿದ್ದೆ. ಅಣ್ಣ ಹಿಂದೆ ಬಂದು, ಭುಜದ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದ. ನಾನು ಕೈ ತೊಳೆದುಕೊಂಡು ಹೋಗಿ ಊಟ ಮುಗಿಸಿದೆ. ಪಾಪ, ಆ ಹುಡುಗಿ ಸಂಜೆಯವರೆಗೂ ತಾನೇನೋ ದೊಡ್ಡ ತಪ್ಪು ಮಾಡಿದವಳಂತೆ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಾ ಪುಕ್ಕಲು. ಹಲ್ಲಿ ಲೊಚಗುಟ್ಟಿದರೂ ಯಾರಿಗೆ ಏನಾಯಿತೋ ಎಂದು ಯೋಚಿಸುವವಳು. ಇಂಥವಳನ್ನು ರಾಣೆಬೆನ್ನೂರಿನ ಒಂದು ಕಾಫಿಪುಡಿ ಅಂಗಡಿಯ ಮನೆಗೆ ಕೊಟ್ಟರು. ನಮ್ಮ ಕಡೆ ಎಲ್ಲರೂ ಚಹಾದವರು. ಬಂದವರಿಗೆ ಚಹಾ, ಹೋಗುವವರಿಗೆ ಚಹಾ, ಜಗಳ ಮುಗಿದರೂ ಚಹಾ. ಅಂಥ ಊರಿನಲ್ಲಿ ನನ್ನ ಮಾವ ಚನ್ನಬಸಪ್ಪನವರು ಕಾಫಿಪುಡಿ ಮಾರಲು ಕುಳಿತಾಗ ಜನ ಆಡಿಕೊಂಡಿದ್ದರಂತೆ. ವರ್ಗವಾಗಿ ಬಂದ ಬ್ಯಾಂಕಿನವರು, ಕಾಲೇಜಿನ ಮಾಸ್ತರರು, ಒಂದೆರಡು ಉಡುಪಿ ಹೋಟೆಲುಗಳು, ಇವರೇ ಗಿರಾಕಿಗಳು. ಆದರೂ ಅಂಗಡಿ ನಡೆಯಿತು. ನಡೆಸಿದ್ದು ಮಾವನ ಮೂಗು.

ಅವರು ಹರೆಯದಲ್ಲಿ ಚಿಕ್ಕಮಗಳೂರಿನ ಆಚೆ ಬೆಟ್ಟದ ಮೇಲೆ ಒಂದು ಕಾಫಿ ತೋಟದಲ್ಲಿ ರೈಟರಾಗಿ ಕೆಲಸ ಮಾಡಿದವರು. ಆಳುಗಳ ಹಾಜರಿ ಹಿಡಿಯುವುದು, ಹಣ್ಣು ಕೊಯ್ಯುವಾಗ ಹಿಂದೆ ನಿಲ್ಲುವುದು ಅವರ ಕೆಲಸ. ಮದುವೆಯ ಹೊತ್ತಿಗೆ ಊರಿಗೆ ಮರಳುವಾಗ ಎರಡು ಆಸ್ತಿ ತಂದರು ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಒಂದು ಜಿಗಣೆಯ ಹೆದರಿಕೆ, ಇನ್ನೊಂದು ಆ ಮೂಗು. ಇಲ್ಲಿನ ಬಯಲಿನಲ್ಲಿ ಜಿಗಣೆ ಎಲ್ಲಿಂದ ಬರಬೇಕು? ಮೂಗು ಮಾತ್ರ ಕೆಲಸಕ್ಕೆ ಬಂತು.

ನಾನು ಆ ಬೆಟ್ಟ ನೋಡಿದವಳಲ್ಲ. ನೋಡಿದ್ದೆಲ್ಲ ಮಾವನ ಮಾತಿನಲ್ಲಿ. ನೆತ್ತಿಯ ತೋಟಗಳಲ್ಲಿ ಹೊತ್ತೇರುವವರೆಗೂ ಮಂಜು ಬಿಡುವುದಿಲ್ಲವಂತೆ. ಚಳಿಗೆ ಹಣ್ಣು ನಿಧಾನಕ್ಕೆ ಕೆಂಪಾಗುತ್ತದೆ, ಅದಕ್ಕೇ ಒಳಗಿನ ಬೀಜ ಸಣ್ಣದು, ಗಟ್ಟಿ, ಹಸಿರಿಗೆ ನೀಲಿ ಕಲಸಿದ ಬಣ್ಣ. ನಡುವಿನ ಸೀಳು ತುಟಿ ಬಿಗಿದಂತೆ ಮುಚ್ಚಿರುತ್ತದೆ. ಕುಡಿದರೆ ನಾಲಗೆಯ ಅಂಚಿಗೆ ಒಂದು ಹುಳಿ ಮುಟ್ಟಿ, ನುಂಗುವಷ್ಟರಲ್ಲಿ ಇಲ್ಲವಾಗಿ, ಕಿತ್ತಳೆ ಸಿಪ್ಪೆಯ ಪರಿಮಳ ಮಾತ್ರ ಉಳಿಯುತ್ತದೆ. ಕೆಳಗಿನ ಇಳಿಜಾರಿನಲ್ಲಿ ಬಿಸಿಲು ಹೆಚ್ಚು. ಅಲ್ಲಿನ ರೊಬಸ್ಟಾ ಬೀಜ ದುಂಡಗೆ, ಹಳದಿ ಛಾಯೆ, ಕಹಿ ಹೆಚ್ಚು, ನೊರೆಯೂ ಹೆಚ್ಚು. ಹೋಟೆಲಿನವರಿಗೆ ಅದು ಬೇಕು. ಮಾವನಿಗೆ ನೆತ್ತಿಯ ಬೀಜವೇ ಪ್ರೀತಿ. ಆದರೆ ಅದರದ್ದು ಭೋಳೆ ಸ್ವಭಾವ ಎಂದು ಎಚ್ಚರಿಸುತ್ತಿದ್ದರು. ಪಕ್ಕದಲ್ಲಿ ಏನಿದೆಯೋ ಅದರ ವಾಸನೆಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಬೆಟ್ಟದಲ್ಲಿ ಬೀಜದ ಕೋಣೆಯೊಳಗೆ ಸೀಮೆಎಣ್ಣೆಯ ಕಂದೀಲು ಸಹ ಬಿಡುತ್ತಿರಲಿಲ್ಲವಂತೆ.

ಹೊಸ ಬೆಳೆಯ ಮೂಟೆ ಬಂದ ದಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಯಾರ ಬಾಯಿಗೂ ಏನೂ ಬೀಳುವ ಮೊದಲು ಮಾವ ಹಸಿ ಬೀಜವನ್ನು ಬೊಗಸೆಯಲ್ಲಿ ಹಿಡಿದು ಒಬ್ಬೊಬ್ಬರ ಮೂಗಿಗೂ ಒಡ್ಡುವರು. ಏನು ವಾಸನೆ ಬಂತು, ಹೇಳಬೇಕು. ಮದುವೆಯಾದ ಮೊದಲ ವರ್ಷ ನಾನು ಹೆದರುತ್ತ, ಒದ್ದೆ ಹುಲ್ಲಿನದು ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದರು. ಬ್ಯಾಡಗಿಯವಳಾದರೂ ಅರ್ಧ ಮೂಗಾದರೂ ಉಳಿಸಿಕೊಂಡಿದ್ದಾಳೆ ಎಂದು. ಅದೂ ಖರೆಯೇ. ನಮ್ಮಪ್ಪನದು ಮೆಣಸಿನಕಾಯಿ ಅಡತಿ ವ್ಯಾಪಾರ. ಸುಗ್ಗಿಯಲ್ಲಿ ಪರಊರಿನವರು ಬ್ಯಾಡಗಿಯಲ್ಲಿ ಬಸ್ಸಿಳಿಯುತ್ತಲೇ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಾರೆ. ನಾವು ಆ ಮೂಟೆಗಳ ಮೇಲೆ ಆಡಿ, ಅಲ್ಲೇ ಮಲಗಿ ಬೆಳೆದವರು. ನಮಗೆ ಅದು ವಾಸನೆಯೇ ಅಲ್ಲ, ಗಾಳಿ.

ಹಿತ್ತಿಲಲ್ಲಿ ತಗಡು ಹೊದಿಸಿದ, ಬೀಜ ಹುರಿಯುವ ಬಟ್ಟಿಯ ಕೋಣೆ. ಕಟ್ಟಿಗೆ ಒಲೆಯ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಡ್ರಮ್ಮು, ತಿರುಗಿಸಲು ಹಿಡಿಕೆ. ಮಾವ ಹಿಡಿಕೆ ತಿರುಗಿಸುತ್ತ ಕಣ್ಣು ಮುಚ್ಚಿ ಕೂರುವರು. ಬಣ್ಣ ನೋಡುತ್ತಿರಲಿಲ್ಲ. ಹಸಿ ವಾಸನೆ ಹೋಗಿ ರೊಟ್ಟಿಯ ವಾಸನೆ, ಅದು ಹೋಗಿ ಬೆಲ್ಲದ ವಾಸನೆ, ಅದಾಗುತ್ತಲೇ ಥಟ್ಟನೆ ಎದ್ದು ಬೀಜ ಸುರಿಯುವರು. ಹುರಿಯುವಾಗ ಬೀಜದ ಮೇಲಿನ ತೆಳ್ಳನೆಯ ಹೊಟ್ಟು ಹಾರಿ ಕೋಣೆಯ ತುಂಬ ಬೀಳುತ್ತದೆ. ಒಂದು ಕಿಡಿ ಸಿಕ್ಕರೆ ಸಾಕು, ಕಾಗದದಂತೆ ಹತ್ತಿಕೊಳ್ಳುವಂಥದ್ದು. ಅದು ಹೊಗೆಯಾಡುವ ಮೊದಲೇ ಮಾವನ ಮೂಗಿಗೆ ತಿಳಿಯುತ್ತಿತ್ತು, ಚೊಂಬಿನ ನೀರು ಬೀಳುತ್ತಿತ್ತು. ಹಾಗಾಗಿ ಆ ಕೋಣೆಯ ಬಗ್ಗೆ ನಾನು ಕೂಡ ಹೆದರಿರಲಿಲ್ಲ.

ಎರಡು ಸಾವಿರನೆಯ ಇಸವಿಯ ಈಚೆಯ ಮಾತು. ಮೊಬೈಲು ಬಂದಿದ್ದರೂ ಮಾತಾಡಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ನನಗೆ ಚೊಚ್ಚಲ ಬಸಿರು. ನಮ್ಮವರು ಬಿತ್ತನೆ ಬೀಜದ ಕಂಪನಿಯೊಂದರಲ್ಲಿದ್ದರು, ವಾರದಲ್ಲಿ ಹೆಚ್ಚು ದಿನ ತಿರುಗಾಟ. ಅತ್ತೆ ನಾನು ಬರುವ ಮೊದಲೇ ಹೋಗಿದ್ದರು. ಮನೆಯಲ್ಲಿ ಮಾವ, ನಾನು. ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಮಾವ ಬಚ್ಚಲ ಮೆಟ್ಟಿಲಲ್ಲಿ ಜಾರಿ ಹಿಂದಕ್ಕೆ ಬಿದ್ದರು. ಹಿಂದಲೆಗೆ ಪೆಟ್ಟು. ಡಾಕ್ಟರು ಹೊಲಿಗೆ ಹಾಕಿ, ಮಲಗಿರಲಿ ಎಂದರು. ಕೆಲವು ದಿನ ಮಲಗಿ ಎದ್ದರು. ನಡೆದರು, ಉಂಡರು, ಪೇಪರ್ ಓದಿದರು. ಗಂಡಾಂತರ ಕಳೆಯಿತು ಎಂದುಕೊಂಡೆವು.

ಮೊದಲು ಕಂಡದ್ದು ಹಾಲು. ನಾನು ನಳದ ನೀರಿಗೆ ಹೋಗಿದ್ದೆ. ಬಂದು ನೋಡಿದರೆ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗಿತ್ತು. ಮಾವ ಅಡಿಗೆಮನೆಯ ಹೊಸ್ತಿಲಲ್ಲೇ ಪೇಪರ್ ಹಿಡಿದು ಕುಳಿತಿದ್ದರು. ಬೆಲ್ಲದ ಪಾಕ ಒಂದು ಎಳೆ ಹೆಚ್ಚಾದರೆ ಪಡಸಾಲೆಯಿಂದಲೇ ಕೂಗುತ್ತಿದ್ದ ಮನುಷ್ಯ. ನಾನು ಪಾತ್ರೆ ತಿಕ್ಕುತ್ತ, ವಯಸ್ಸಾಯಿತಲ್ಲ, ಗಮನವಿರಲಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು.

ಎರಡನೆಯದು ಗ್ಯಾಸು. ದೀಪ ಹಚ್ಚುವ ಹೊತ್ತು. ಗಾಳಿಗೆ ಒಲೆ ಆರಿತ್ತು, ಗ್ಯಾಸು ಹರಿಯುತ್ತಲೇ ಇತ್ತು. ನಾನು ಹೊರಗಿನಿಂದ ಬಂದು ಅಡಿಗೆಮನೆಗೆ ಕಾಲಿಡುತ್ತಲೇ ವಾಸನೆ ಮುಖಕ್ಕೆ ಬಡಿಯಿತು. ಮಾವ ಒಳಗೆ ದೇವರ ಮಾಡದ ಮುಂದೆ ನಿಂತಿದ್ದರು. ಎಡಗೈಯಲ್ಲಿ ಕಡ್ಡಿಪೆಟ್ಟಿಗೆ, ಬಲಗೈಯಲ್ಲಿ ಕಡ್ಡಿ. ಹೋಗಿ ಅವರ ಕೈಗೆ ಹೊಡೆದೆ. ಸೊಸೆ ಮಾವನ ಕೈಗೆ ಹೊಡೆಯುವುದೆಂದರೇನು! ಕಡ್ಡಿಗಳು ನೆಲದ ತುಂಬ ಚೆಲ್ಲಿದವು. ಒಲೆ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ತಿರುಗಿದೆ. ಅವರು ಒಲೆಯ ಕಡೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನಗೆ ತಿಳಿಯಿತು ಎಂಬುದು ಅವರಿಗೆ ತಿಳಿಯಿತು. ಅವರು ಕುಳಿತು ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ಪೆಟ್ಟಿಗೆಗೆ ಹಾಕಿದರು.

ಆ ದಿನದಿಂದ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಗ್ಯಾಸಿನ ಕಿವಿ ತಿರುವಿ ನೋಡುವುದು, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ನೋಡುವುದು. ಹಳಸಿದ ಸಾರು ಉಂಡುಬಿಟ್ಟರೆ? ವೈರು ಸುಟ್ಟರೆ? ಎಲ್ಲಕ್ಕಿಂತ ಹೆಚ್ಚಾಗಿ ಆ ಬಟ್ಟಿ. ಮಾವ ಮತ್ತೆ ಬಟ್ಟಿ ಹಚ್ಚತೊಡಗಿದ್ದರು, ಹಿಂದಿನಂತೆಯೇ ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಇಣುಕಿದಾಗ ಮಾತ್ರ ಕಣ್ಣು ಮುಚ್ಚುತ್ತಾರೆ, ಉಳಿದ ಹೊತ್ತು ಬಿಟ್ಟ ಕಣ್ಣಿನಿಂದ ಬಣ್ಣ ನೋಡುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಒಂದು ಹೋಟೆಲಿನವರು ಈ ಸಲದ ಪುಡಿ ಸೀದಿದೆ ಎಂದು ಹೇಳಿಕಳಿಸಿದರು. ಕಟ್ಟಿಗೆ ಹಸಿ ಇತ್ತು ಎಂದು ಮಾವ ಸುಳ್ಳು ಹೇಳಿದರು. ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು.

ನಮ್ಮವರಿಗೆ ಹೇಳಿದರೆ ಅಂದೇ ಬಟ್ಟಿಗೆ ಬೀಗ ಬೀಳುತ್ತಿತ್ತು. ಅವರು ಮೊದಲಿನಿಂದಲೂ ಅಪ್ಪ ಇನ್ನು ಆರಾಮಾಗಿರಲಿ ಎನ್ನುತ್ತಿದ್ದವರು. ಹೇಳದಿದ್ದರೆ ಯಾವತ್ತು ಏನಾಗುತ್ತದೋ. ತಲೆಯೊಳಗೆ ಇನ್ನೇನು ಕೆಟ್ಟಿದೆಯೋ ಎಂಬ ದಿಗಿಲು ಬೇರೆ. ಹೊಟ್ಟೆಯೊಳಗೆ ಕೂಸು ಒದ್ದರೆ ಸಂತೋಷಪಡುವ ಬದಲು ಬೆಚ್ಚಿ ಬೀಳುತ್ತಿದ್ದೆ. ಏಳನೆಯ ತಿಂಗಳಿಗೆ ಕುಬಸ ಮಾಡಿ ನನ್ನನ್ನು ತವರಿಗೆ ಕರೆದೊಯ್ಯುತ್ತಾರೆ. ಅಲ್ಲಿಂದಾಚೆ ಈ ಮನೆಯಲ್ಲಿ ಮಾವನೊಬ್ಬರೇ.

ಆ ವರ್ಷದ ಹೊಸ ಬೆಳೆ ಇನ್ನೂ ಬ್ಯಾಡಗಿಯಲ್ಲೇ ಇತ್ತು. ಪ್ರತಿವರ್ಷ ನಮ್ಮಪ್ಪನ ಮೆಣಸಿನಕಾಯಿ ಒಯ್ದ ಲಾರಿ ಮರಳುವಾಗ ಬೆಟ್ಟದ ಮೂಟೆಗಳನ್ನು ಹೇರಿಕೊಂಡು, ರಾಣೆಬೆನ್ನೂರಿನಲ್ಲಿ ಇಳಿಸಿ ಹೋಗುತ್ತಿತ್ತು. ಆ ವರ್ಷ ಲಾರಿ ಬಂದಾಗ ಮಾವ ಬಿದ್ದು ಹಾಸಿಗೆಯಲ್ಲಿದ್ದರು, ನಮ್ಮವರು ಊರಲ್ಲಿರಲಿಲ್ಲ. ಬೀಗರ ಮಾಲು ಹಾದಿಯಲ್ಲಿ ಹಾಳಾಗಬಾರದು ಎಂದು ಅಪ್ಪ ಅದನ್ನು ನೇರ ಬ್ಯಾಡಗಿಗೆ ತರಿಸಿ ತನ್ನ ಗೋದಾಮಿನಲ್ಲಿ ಇಡಿಸಿದ. ಕಾಳಜಿಯಿಂದಲೇ ಇಡಿಸಿದ. ನೆಲದ ಥಂಡಿ ತಾಗಬಾರದೆಂದು ಹಲಗೆ ಹಾಕಿಸಿ, ಇಲಿ ಬರಬಾರದೆಂದು ಸುತ್ತಲೂ ಮೆಣಸಿನಕಾಯಿ ಚೀಲಗಳನ್ನೇ ಗೋಡೆಯಂತೆ ಪೇರಿಸಿದ್ದ.

ಶಿವರಾತ್ರಿಗೆ ಮುಂಚೆ ಮಾವನೂ ನಾನೂ ಮೂಟೆ ತರಲು ಹೋದೆವು. ಮಾವ ಒಂದು ಮೂಟೆ ಬಿಚ್ಚಿಸಿದರು. ಬೊಗಸೆ ತುಂಬಿಕೊಂಡು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ, ಚಲೋ ಐತಿ, ನೆತ್ತಿ ಬೀಜನ ಐತಿ ಎಂದರು. ಆ ನಟನೆ ನೋಡಲಾಗದೆ ನಾನು ಮುಖ ತಿರುಗಿಸಿದೆ. ಪದ್ಧತಿಯಂತೆ ಬೊಗಸೆಯನ್ನು ಎಲ್ಲರಿಗೂ ಒಡ್ಡಿದರು. ಅಪ್ಪ ಮೂಸಿದ, ಅಣ್ಣ ಮೂಸಿದ, ಹಮಾಲರೂ ಮೂಸಿದರು. ಎಲ್ಲರೂ ಚಲೋ ಇದೆ ಎಂದರು. ನಾನು ಮಾವನ ಬದಲು ನಾನೇ ಮೂಗಾಗಬೇಕೆಂದು ಉಸಿರು ಎಳೆದು ಎಳೆದು ಮೂಸಿದೆ. ಒದ್ದೆ ಹುಲ್ಲಿನ ವಾಸನೆ ಬಂತು. ಸದ್ಯ ಎಂದುಕೊಂಡೆ. ಬ್ಯಾಡಗಿಯವರೆಲ್ಲ ಸೇರಿ ಬ್ಯಾಡಗಿಯ ಗೋದಾಮಿನಲ್ಲಿ ನಿಂತು ಕಾಫಿ ಬೀಜ ಮೂಸಿದ್ದೆವು! ಆ ಹೊತ್ತಿನಲ್ಲಿ ಅದು ಯಾರಿಗೂ ಹೊಳೆಯಲಿಲ್ಲ.

ಮೂಟೆ ಮನೆಗೆ ತಂದ ಮರುದಿನ ಬಟ್ಟಿ ಹಚ್ಚಿದರು. ನಾನು ಹಿತ್ತಿಲ ಬಾಗಿಲಲ್ಲಿ ಅಕ್ಕಿ ಆರಿಸುವ ನೆವದಲ್ಲಿ ಕುಳಿತಿದ್ದೆ. ಡ್ರಮ್ಮು ಕಾದು ಸ್ವಲ್ಪ ಹೊತ್ತಿಗೆ ಒಳಗಿನಿಂದ ಎದೆ ಕಿತ್ತುಬರುವಂಥ ಕೆಮ್ಮು ಕೇಳಿತು. ಬಾಗಿಲಿನಿಂದ ಹೊಗೆ. ಮೊರ ಬಿಸಾಕಿ, ಹೊಟ್ಟೆ ಹಿಡಿದುಕೊಂಡು ಓಡಿದೆ. ಆಯಿತು, ಹೆದರಿದ್ದು ಆಗಿಯೇ ಹೋಯಿತು ಎಂದೇ ಓಡಿದೆ. ಎದುರಿಗೆ ಮಾವ ಬಾಗಿಲು ಹಿಡಿದು ಹೊರಬಂದರು. ಕಣ್ಣು ಮೂಗಿನಲ್ಲಿ ನೀರು ಧಾರಾಕಾರ. ಬೆಂಕಿ ಹತ್ತಿರಲಿಲ್ಲ. ಗೋಣಿಯೊಳಗೆ ಇಳಿದಿದ್ದ ಮೆಣಸಿನಕಾಯಿ ಧೂಳು ಬೀಜದ ಜೊತೆ ಡ್ರಮ್ಮಿನಲ್ಲಿ ಸುಟ್ಟಿತ್ತು. ನನಗೂ ಕೆಮ್ಮು. ಮಾವ ಮಾತ್ರ ನಗುತ್ತಿದ್ದರು.

"ಗಿರಿಜವ್ವಾ, ಬಂತವಾ. ಮೂಗಿಗೆ ಬಂತು."

ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಕೂಸಿನಂತೆ ಮನೆಯೊಳಗೆ ಓಡಿದರು. ಹಿಂಗಿನ ಡಬ್ಬಿ ತೆಗೆದು ಮೂಸಿದರು. ಕಾಫಿಪುಡಿಯ ಭರಣಿ ತೆಗೆದು ಮುಖವನ್ನೇ ಒಳಗಿಟ್ಟರು. ದೇವರ ಮುಂದಿನ ಮಲ್ಲಿಗೆ, ಸೀಮೆಎಣ್ಣೆ, ಹಳೆಯ ಅರಿವೆ, ಒಂದಾದ ಮೇಲೆ ಒಂದು. ನಾನು ಹಿಂದೆ ಹಿಂದೆ ಹೋಗುತ್ತಿದ್ದೆ. ಅವರ ಮುಖದ ನಗು ಇಳಿಯುತ್ತ ಬಂದದ್ದನ್ನು ನೋಡಿದೆ. ಕೊನೆಗೆ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತರು. ಮೂಗಿನ ತುದಿಗೆ ಇನ್ನೂ ಪುಡಿ ಹತ್ತಿತ್ತು.

"ಏನೂ ಇಲ್ಲವಾ. ಖಾರ ಅಷ್ಟ ಗೊತ್ತಾಕ್ಕತಿ. ಅದು ಉರಿ, ವಾಸನಿ ಅಲ್ಲ."

ಆಗ ಎಲ್ಲ ಹೇಳಿದರು. ಬಿದ್ದ ಮರುದಿನ ಕಾಫಿ ಕುಡಿದರೆ ಬಿಸಿನೀರು ಕುಡಿದಂತಾಯಿತಂತೆ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ದಿನವೂ ಎದ್ದ ಕೂಡಲೇ ಪುಡಿ ಮೂಸುತ್ತಿದ್ದರಂತೆ. ಮಗನಿಗೆ ಹೇಳಬೇಡ ಎಂದು ಕೇಳಿಕೊಂಡರು. ಜೀವನದಲ್ಲಿ ಮೊದಲ ಸಲ ನಾನು ಹಿರಿಯರ ಮಾತು ಮೀರಿದೆ.

"ಹೇಳತೇನ್ರಿ ಮಾವಾರ. ನನಗ ಒಬ್ಬಾಕೀಗೆ ಇಷ್ಟು ಹೆದರಿಕಿ ಹೊರಾಕ ಆಗೂದಿಲ್ಲ."

ಮೂವರೂ ದಾವಣಗೆರೆಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದೆವು. ತಲೆಯ ಚಿತ್ರ ತೆಗೆದರು. ಜೀವಕ್ಕೆ ಭಯವಿಲ್ಲ, ಪೆಟ್ಟಿಗೆ ವಾಸನೆಯ ನರ ಹರಿದಿರಬೇಕು, ಬಂದರೆ ಬಂತು ಎಂದರು. ಬರುವಾಗ ಬಸ್ಸಿನಲ್ಲಿ ನಮ್ಮವರು, ಅಪ್ಪಾ, ಇನ್ನು ಬಟ್ಟಿ ಬ್ಯಾಡ ಎಂದರು. ಹರಿಹರದ ಹತ್ತಿರ ಮಾವ ಕಿಟಕಿಯಾಚೆ ನೋಡುತ್ತಲೇ ಕೇಳಿದರು:

"ಬಟ್ಟಿ ಬಿಟ್ಟು ಏನ ಮಾಡ್ಲೋ? ಕಟ್ಟಿ ಮ್ಯಾಲ ಕುಂತು ಹೋಗೂ ಬರೂ ಬಸ್ಸು ನೋಡ್ಲೇನು?"

ನಮ್ಮವರು ಬಟ್ಟಿಗೆ ಬೀಗ ಹಾಕಲಿಲ್ಲ.

ಆ ಮೂಟೆಗಳಲ್ಲಿ ಅರ್ಧ ನಮ್ಮ ಹಿತ್ತಿಲ ಗಿಡಗಳ ಬುಡಕ್ಕೆ ಗೊಬ್ಬರವಾಯಿತು. ನಡುವೆ ಇದ್ದ, ಗೋಣಿಗೆ ತಾಗದ ಬೀಜವನ್ನು ಮಾವ ಮಾಳಿಗೆಯ ಮೇಲೆ ಹರವಿ ಗಾಳಿಗೆ ಬಿಟ್ಟರು. ಬ್ಯಾಂಕಿನ ಒಬ್ಬ ಅಮ್ಮನವರನ್ನು ಕರೆಸಿ ಮೂಸಿಸಿದರು. ಅವರು ಮೈಸೂರಿನ ಕಡೆಯವರು, ಸೀನಿದರೆ ಬೀಜ ಇನ್ನೂ ಕೆಟ್ಟಿದೆ ಎಂದು ಲೆಕ್ಕ! ಅವರು ಸೀನದ ದಿನ ಮಾವ ಮತ್ತೆ ಹುರಿಯಲು ಶುರುಮಾಡಿದರು, ಈ ಸಲ ಕಿವಿಯಿಂದ. ಕಾದ ಬೀಜ ಒಂದು ಹದಕ್ಕೆ ಬಂದಾಗ ಒಡೆಯುತ್ತದೆ. ಇಳಿಜಾರಿನ ಬೀಜದ ಸದ್ದು ಮೆತ್ತಗೆ, ಅವಸರದ್ದು. ನೆತ್ತಿಯ ಬೀಜ ಗಟ್ಟಿಯಲ್ಲವೇ, ತಡವಾಗಿ ಒಡೆಯುತ್ತದೆ, ಒಣ ಕಡ್ಡಿ ಮುರಿದಂತೆ ಚಟ್ ಎನ್ನುತ್ತದೆ. ಮಾವ ಮತ್ತೆ ಕಣ್ಣು ಮುಚ್ಚಿದರು, ಈಗ ನಟನೆಯಿಲ್ಲದೆ. ಕಿವಿಯನ್ನು ಡ್ರಮ್ಮಿಗೆ ಕೊಟ್ಟು ಕುಳಿತರು. ಪುಡಿಯ ರುಚಿ ಮರಳಿ ಬಂತೆಂದು ಹೋಟೆಲಿನವರು ಹೇಳಿದರು. ನನಗೆ ಮಾತ್ರ ಅದರಿಂದ ಭಯ ಹೆಚ್ಚಾಯಿತು. ಕಣ್ಣು ಮುಚ್ಚಿದ, ಮೂಗಿಲ್ಲದ, ಕಿವಿಯನ್ನೂ ಡ್ರಮ್ಮಿಗೆ ಕೊಟ್ಟ ಮನುಷ್ಯ. ಬೆನ್ನ ಹಿಂದೆ ಗುಡಿಸಿ ತುಂಬಿಟ್ಟ ಹೊಟ್ಟಿನ ಚೀಲ.

ಕುಬಸದ ದಿನ ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಿದ್ದರು. ಹೆಂಗಸರು ಹಾಡುತ್ತಿದ್ದರು. ನನ್ನ ಕಣ್ಣು ಹಿತ್ತಿಲ ಬಾಗಿಲ ಮೇಲೆ. ಆಗ ಹೊಳೆಯಿತು. ಖಾರ ಅಷ್ಟೇ ಗೊತ್ತಾಗುತ್ತದೆ ಎಂದಿದ್ದರಲ್ಲ. ಬುತ್ತಿ ತಂದಿದ್ದ ಅಣ್ಣನನ್ನು ಪಕ್ಕಕ್ಕೆ ಕರೆದು, ಒಣಮೆಣಸಿನಕಾಯಿ ಬೇಕು, ನಮ್ಮೂರಿನದು ಬೇಡ, ಮಾರ್ಕೆಟ್ಟಿಗೆ ಬರುವ ಗುಂಟೂರಿನದು ಬೇಕು ಎಂದೆ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನನಗೆ ಬೇಕಿದ್ದದ್ದು ಖಾರ.

"ಬ್ಯಾಡಗಿ ಮಗಳು ಗುಂಟೂರು ಕಾಯಿ ಕೇಳಾಕತ್ತಾಳ. ಅಪ್ಪಗ ಗೊತ್ತಾದ್ರ ಊಟ ಬಿಡತಾನ" ಎಂದು ಅಣ್ಣ ನಕ್ಕ. ಯಾಕೆಂದು ಹೇಳಿದ ಮೇಲೆ ನಗಲಿಲ್ಲ. ಮರುದಿನವೇ ತಂದುಕೊಟ್ಟ.

ನಾನೇ ದಾರದಲ್ಲಿ ಪೋಣಿಸಿದೆ. ಒಂದು ಸರ ಡ್ರಮ್ಮಿನ ಮೇಲಿನ ತೊಲೆಗೆ, ಇನ್ನೊಂದು ಹೊಟ್ಟಿನ ಚೀಲದ ಮೇಲೆ. ಬೆಂಕಿ ಎಲ್ಲಿ ಎದ್ದರೂ ಮೊದಲು ಮೆಣಸಿನಕಾಯಿ ಸುಡಬೇಕು, ಘಾಟು ಬಂದರೆ ಮಾವ ಏಳಬೇಕು. ಓಣಿಯವರು ದೃಷ್ಟಿಯಾಗದಿರಲಿ ಎಂದು ಕಟ್ಟಿದ್ದಾಳೆ ಎಂದುಕೊಂಡರು. ನಿಂಬೆಹಣ್ಣು ಎಲ್ಲಿ ಎಂದು ಒಬ್ಬಾಕೆ ಕೇಳಿದಳು. ಹೊರಡುವಾಗ ಮಾವನಿಂದ ಒಂದು ಮಾತು ತೆಗೆದುಕೊಂಡೆ. ದಿನಾ ಬಟ್ಟಿ ಆರಿಸಿದ ಮೇಲೆ ಅಂಗಡಿಯ ಫೋನಿನಿಂದ ಅಣ್ಣನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು.

ಬ್ಯಾಡಗಿಯಲ್ಲಿ ನನಗೆ ತಿನ್ನಿಸದ ಪದಾರ್ಥವಿಲ್ಲ. ಮೈಗೆ ಹತ್ತಲಿಲ್ಲ. ಬೆಳಗಿನ ನಾಷ್ಟಾ ಆದ ಮೇಲೆ ಅಣ್ಣನ ಮೊಬೈಲನ್ನು ಉಡಿಯಲ್ಲಿಟ್ಟುಕೊಂಡು ಕೂರುತ್ತಿದ್ದೆ. ಅದು ಒಮ್ಮೆ ಬಡಿದು ನಿಂತರೆ ಆ ದಿನದ ಉಸಿರು ಬಿಡುತ್ತಿದ್ದೆ. ಅವ್ವ ಇದು ಬಸಿರಿಯ ಹುಚ್ಚು ಎಂದಳು. ಹೀಗೆ ದಿನ ಹೋದವು, ಬಿಸಿಲು ಏರಿತು, ನನಗೆ ದಿನ ತುಂಬುತ್ತ ಬಂತು.

ಒಂದು ದಿನ ಮೊಬೈಲು ಬಡಿಯಲಿಲ್ಲ. ಬ್ಯಾಟರಿ ನೋಡಿದೆ, ಸರಿಯಿತ್ತು. ಊಟದ ಹೊತ್ತಾಯಿತು. ಅಣ್ಣ ಅಂಗಡಿಗೆ ಫೋನ್ ಹಚ್ಚಿದ. ಬಡಿಯಿತು, ಬಡಿಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ. ನಾನು ಎದ್ದು ಚಪ್ಪಲಿ ಮೆಟ್ಟಿದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು, ಇಂಥ ಹೊತ್ತಿನಲ್ಲಿ ಹೊಸ್ತಿಲು ದಾಟಬಾರದು ಎಂದಳು. ಅಣ್ಣ ಟೆಂಪೋದಲ್ಲಿದ್ದ ಖಾಲಿ ಚೀಲಗಳನ್ನು ಇಳಿಸಿ, ನನ್ನನ್ನು ಮುಂದೆ ಕೂರಿಸಿಕೊಂಡ.

ಆಗ ಹೆದ್ದಾರಿ ಅಗಲ ಮಾಡುತ್ತಿದ್ದರು. ಮೋಟೆಬೆನ್ನೂರಿನಿಂದ ಮುಂದೆ ಎಲ್ಲಿ ನೋಡಿದರೂ ಅಗೆತ, ಅಡ್ಡದಾರಿ, ಕೆಂಪು ಧೂಳು. ಅಣ್ಣ ತಗ್ಗು ಬಂದಲ್ಲೆಲ್ಲ ನಿಧಾನ ಮಾಡುತ್ತಿದ್ದ. ನನಗೆ ನಿಧಾನ ಬೇಡವಾಗಿತ್ತು. ಆ ದಾರಿಯಲ್ಲಿ ನಾನು ಏನೇನು ನೋಡಿದೆನೋ ಅದನ್ನೆಲ್ಲ ಬರೆಯಲಾರೆ. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಹೊಟ್ಟೆಯ ಕೂಸಿಗೆ, ನಿನ್ನ ಅಜ್ಜನನ್ನು ಬಿಟ್ಟು ಬಂದೆ, ತಪ್ಪು ಮಾಡಿದೆ ಎಂದು ಹೇಳುತ್ತಲೇ ಇದ್ದೆ.

ನಮ್ಮ ಓಣಿಯ ಬಾಯಿಗೆ ಬರುತ್ತಲೇ ಜನ ಕಂಡರು. ಎಲ್ಲರ ಬಾಯಿಗೆ ಸೆರಗು, ಟವೆಲ್ಲು. ಟೆಂಪೋ ಮುಂದೆ ಹೋಗದು. ನಾನು ಇಳಿದೆ. ಅಣ್ಣ ನನ್ನನ್ನು ಟೆಂಪೋಕ್ಕೆ ಆನಿಸಿ ನಿಲ್ಲಿಸಿ ಜನರ ನಡುವೆ ಓಡಿದ. ಆ ಹೊತ್ತು ಎಷ್ಟು ಉದ್ದವಿತ್ತೋ. ನನ್ನ ಗಂಟಲಿಗೂ ಘಾಟು ಹತ್ತಿತು. ಹುಟ್ಟಿದಾಗಿನಿಂದ ಮೆಣಸಿನಕಾಯಿಯಲ್ಲಿ ಬೆಳೆದವಳು ಅಂದು ಪರಊರಿನವಳಂತೆ ಕೆಮ್ಮಿದೆ. ಅಣ್ಣ ಜನರ ತಲೆಗಳ ಮೇಲಿನಿಂದ ಕೈಯೆತ್ತಿ, ತಿರುಗಿ ಕೂಗಿ ಹೇಳಿದ.

ಮಾವ ಎದುರುಮನೆಯ ಕಟ್ಟೆಯ ಮೇಲೆ ಒದ್ದೆ ಟವೆಲು ಹೊದ್ದು ಕುಳಿತಿದ್ದರು. ಕಣ್ಣು ಕೆಂಡ, ಮುಂಗೈಯಲ್ಲಿ ಒಂದು ಬೊಕ್ಕೆ. ನಮ್ಮ ಮನೆಯ ಹಿಂದೆ ತಗಡಿನ ಕೋಣೆಯ ಒಂದು ಮೂಲೆ ಹೊಗೆಯಾಡುತ್ತಿತ್ತು, ಜನ ನೀರು ಹಾಕುತ್ತಿದ್ದರು. ಅಂದು ಬಟ್ಟಿ ಹಚ್ಚಿದ್ದೇ ತಡವಾಗಿ, ಹೊಟ್ಟಿನ ಚೀಲಕ್ಕೆ ಕಿಡಿ ಹಾರಿತ್ತು. ಬೆಂಕಿ ಚಟಚಟ ಎನ್ನುತ್ತಿದ್ದರೆ ಮಾವ ಅದನ್ನು ಬೀಜ ಒಡೆಯುವ ಸದ್ದೆಂದುಕೊಂಡಿದ್ದರು. ಇಂದು ಬಹಳ ಚೆನ್ನಾಗಿ ಒಡೆಯುತ್ತಿವೆ, ನೆತ್ತಿಯ ಬೀಜವೆಂದರೆ ಹೀಗಿರಬೇಕು ಎಂದು ಕಣ್ಣು ಮುಚ್ಚಿ ಖುಷಿಯಿಂದ ಕುಳಿತಿದ್ದರಂತೆ. ನಾನು ಹೋಗಿ ಅವರ ಕಾಲ ಹತ್ತಿರ ಕುಸಿದು ಕುಳಿತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಖಾರ ಬಂತವಾ. ಎದ್ದು ಬಂದೆ."

ಅದೇ ವಾರ ಮಗಳು ಹುಟ್ಟಿದಳು. ಎಣ್ಣೆ ಹಚ್ಚಿ, ಎರೆದು, ಲೋಬಾನದ ಹೊಗೆ ಹಿಡಿದು ತಂದರೆ ಮಾವ ಅವಳ ನೆತ್ತಿಯನ್ನು ಮೂಸುವರು. ಆಮೇಲೆ ನನ್ನ ಕಡೆ ನೋಡಿ, ಹ್ಯಾಂಗೈತಿ, ಹೇಳವಾ ಎನ್ನುವರು. ನಾನು ಹೇಳುತ್ತಿದ್ದೆ. ದಿನವೂ ಕೇಳುತ್ತಿದ್ದರು, ದಿನವೂ ಹೇಳುತ್ತಿದ್ದೆ. ಮೂಗು ಮರಳಲಿಲ್ಲ. ಬಹಳ ವರ್ಷ ಬದುಕಿದರು, ಬಟ್ಟಿ ಬಿಡಲಿಲ್ಲ, ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ. ಕೊನೆಗೆ ತಮ್ಮ ಹಾಸಿಗೆಯಲ್ಲೇ, ನಿದ್ದೆಯಲ್ಲಿ ಹೋದರು.

ಈಗ ಬಟ್ಟಿ ನಾನು ಹಚ್ಚುತ್ತೇನೆ. ನನ್ನ ಅರ್ಧ ಮೂಗು ಸಾಕಾಗುತ್ತದೆ. ಆದರೂ ಪ್ರತಿ ಸುಗ್ಗಿಗೆ ಬ್ಯಾಡಗಿಯಿಂದ ಗುಂಟೂರಿನ ಕಾಯಿ ತಂದು ಸರ ಬದಲಿಸುತ್ತೇನೆ. ಈ ಸಲ ಹೋದದ್ದೂ ಅದಕ್ಕೇ. ನಿನಗೆ ವಾಸನೆ ಬರುತ್ತದಲ್ಲ, ಇದೇಕೆ ಎಂದು ನಮ್ಮವರು ಕೇಳುತ್ತಾರೆ. ಹೆದರಿಕೆ ಹೋಗಿಲ್ಲ ಎಂದು ಹೇಳುತ್ತೇನೆ. ಸುಟ್ಟ ಮೆಣಸಿನಕಾಯಿಯ ಘಾಟು ಎಲ್ಲಿ ಬಂದರೂ ನನ್ನ ಕಾಲುಗಳು ನನ್ನ ಮಾತು ಕೇಳುವುದಿಲ್ಲ, ಮೊದಲು ಓಡುತ್ತವೆ.

ಅಣ್ಣನಿಗೆ ಅದು ಗೊತ್ತು. ಅವತ್ತು ಓಣಿಯಲ್ಲಿ ಜನರ ತಲೆಗಳ ಮೇಲಿನಿಂದ ಕೂಗಿ ಹೇಳಿದ್ದನ್ನೇ ಈ ಸಲ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮೆಲ್ಲಗೆ ಹೇಳಿದ.

"ಮಾವ ಹೊರಗ ಬಂದಾರವಾ, ಹೆದರಬ್ಯಾಡ."